ಫೀಲ್ಡ್ ವರ್ಕ್ ಮುಗಿಸಿ ಬಂದ ಸಂಜೆ ಬರೆಯುವ ಆ ಎರಡು ಪುಟ

ಪ್ರತಿ ವರ್ಷ ಹೊಸ ಬ್ಯಾಚ್ ಬಂದಾಗ ಮೊದಲ ವಾರದಲ್ಲೇ ಒಂದು ಪ್ರಶ್ನೆ ಬರುತ್ತದೆ. "ಮೇಡಂ, ರಿಫ್ಲೆಕ್ಷನ್ ಎಷ್ಟು ಪುಟ ಬರೀಬೇಕು?" ಅದರ ಬೆನ್ನಿಗೇ ಎರಡನೆಯದು. "ಅದಕ್ಕೆ ಮಾರ್ಕ್ಸ್ ಎಷ್ಟು ಮೇಡಂ?"

ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಸಮಾಜಕಾರ್ಯ ಪಾಠ ಮಾಡುತ್ತೇನೆ. ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಓದುವವರಿಗೆ ಕ್ಲಾಸಿನಷ್ಟೇ ಫೀಲ್ಡ್ ವರ್ಕ್ ಮುಖ್ಯ. ವಾರದಲ್ಲಿ ಎರಡು ದಿನ ಅವರು ಕ್ಲಾಸಿಗೆ ಬರುವುದಿಲ್ಲ. ಒಬ್ಬರು ಸರ್ಕಾರಿ ಶಾಲೆಗೆ, ಒಬ್ಬರು ಆಸ್ಪತ್ರೆಗೆ, ಇನ್ನೊಬ್ಬರು ಸ್ಲಂನಲ್ಲಿ ಕೆಲಸ ಮಾಡುವ ಸಂಸ್ಥೆಗೆ, ಮತ್ತೊಬ್ಬರು ವೃದ್ಧಾಶ್ರಮಕ್ಕೆ ಹೋಗುತ್ತಾರೆ. ಬಂದು ವರದಿ ಬರೆಯಬೇಕು. ವರದಿಯ ಕೊನೆಗೆ ಆ ದಿನ ತಮಗೆ ಏನು ಅನ್ನಿಸಿತು, ಏನು ಅರ್ಥವಾಯಿತು, ಏನು ಅರ್ಥವಾಗಲಿಲ್ಲ ಎಂದು ಬರೆಯಬೇಕು. ಇದನ್ನೇ ರಿಫ್ಲೆಕ್ಷನ್ ಅನ್ನುವುದು. ನಾನು ಈಗ ಹೇಳಲು ಹೊರಟಿರುವುದು ಆ ಕೊನೆಯ ಭಾಗದ ಬಗ್ಗೆ. ಎರಡು ವರ್ಷದ ಓದಿನಲ್ಲಿ ವಿದ್ಯಾರ್ಥಿಯನ್ನು ಅತಿ ಹೆಚ್ಚು ಬೆಳೆಸುವುದು ಅದೇ ಎಂದು ನಾನು ನಂಬಿದ್ದೇನೆ. ಅತಿ ಹೆಚ್ಚು ಹಾಳಾಗುವುದೂ ಅದೇ.

ಹಾಳಾಗುವುದು ಹೇಗೆ ಅಂತ ಮೊದಲು ಹೇಳುತ್ತೇನೆ. ಸಾಮಾನ್ಯವಾಗಿ ನನ್ನ ಮೇಜಿಗೆ ಬರುವ ವರದಿ ಹೀಗಿರುತ್ತದೆ: "ಬೆಳಿಗ್ಗೆ 10 ಗಂಟೆಗೆ ಏಜೆನ್ಸಿಗೆ ತಲುಪಿದೆ. ಸಿಬ್ಬಂದಿಯನ್ನು ಭೇಟಿ ಮಾಡಿದೆ. ನಂತರ ಮನೆ ಭೇಟಿಗೆ ಹೋದೆ. ಮಧ್ಯಾಹ್ನ ಊಟ ಮಾಡಿದೆ. ಸಂಜೆ 4 ಗಂಟೆಗೆ ಹೊರಟೆ. ಈ ದಿನ ನಾನು ತುಂಬಾ ವಿಷಯಗಳನ್ನು ಕಲಿತೆ. ಇದು ನನಗೆ ಒಳ್ಳೆಯ ಅನುಭವ." ಯಾವ ವಿಷಯ ಕಲಿತೆ ಅಂತ ಕೇಳಿದರೆ ಹುಡುಗ ತಲೆ ಕೆಳಗೆ ಹಾಕುತ್ತಾನೆ. ಅವನು ಸುಳ್ಳು ಬರೆದಿಲ್ಲ. ನಿಜಕ್ಕೂ ಏನೋ ಕಲಿತಿದ್ದಾನೆ. ಆದರೆ ಅದು ಏನು ಅಂತ ಅವನಿಗೇ ಗೊತ್ತಿಲ್ಲ. ಗೊತ್ತಿಲ್ಲದ ಕಲಿಕೆ ಒಂದು ತಿಂಗಳಲ್ಲಿ ಮರೆತು ಹೋಗುತ್ತದೆ.

ಕೆಲವು ವರ್ಷಗಳ ಹಿಂದಿನ ಮಾತು. ಚಳ್ಳಕೆರೆ ಕಡೆಯ ಒಬ್ಬ ಹುಡುಗಿ ನನ್ನ ಗುಂಪಿನಲ್ಲಿದ್ದಳು. ಪೀಣ್ಯದ ಹತ್ತಿರ ಶಾಲೆ ಬಿಟ್ಟ ಮಕ್ಕಳ ಜೊತೆ ಕೆಲಸ ಮಾಡುವ ಸಂಸ್ಥೆಯಲ್ಲಿ ಅವಳಿಗೆ ಫೀಲ್ಡ್ ವರ್ಕ್. ಏಳನೇ ಕ್ಲಾಸಿನ ಒಂದು ಮಗು ದಸರಾ ರಜೆಯ ನಂತರ ಶಾಲೆಗೆ ಬಂದಿರಲಿಲ್ಲ. ನೋಡಿಕೊಂಡು ಬಾ ಅಂತ ಇವಳನ್ನು ಮನೆಗೆ ಕಳಿಸಿದ್ದರು. ಅವಳು ಬಂದು ಬರೆದದ್ದು ಇಷ್ಟು: "ತಾಯಿಗೆ ಮಗಳ ಶಿಕ್ಷಣದ ಬಗ್ಗೆ ಅರಿವು ಇಲ್ಲ. ಅವರು ಸಹಕಾರ ನೀಡಲಿಲ್ಲ. ಅರಿವು ಮೂಡಿಸುವ ಅಗತ್ಯವಿದೆ."

ಇಂಥ ವಾಕ್ಯಗಳನ್ನು ನಮ್ಮ ವಿಭಾಗದಲ್ಲಿ ಎಲ್ಲರೂ ಬರೆಯುತ್ತಾರೆ. ಸರ್ಕಾರಿ ವರದಿಗಳಲ್ಲೂ ಇವೇ ಇರುತ್ತವೆ. ನಾನು ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದೆ: "ಸಹಕಾರ ನೀಡಲಿಲ್ಲ ಅಂದರೆ ಅವರು ಏನು ಮಾಡಿದರು? ಆಗ ನೀನು ಎಲ್ಲಿ ನಿಂತಿದ್ದೆ? ಸುತ್ತ ಯಾರಿದ್ದರು?" ಅಷ್ಟೇ. ಇನ್ನೊಂದು ಸಲ ಬರೆದು ತಾ ಅಂದೆ.

ಎರಡನೇ ಸಲ ಅವಳು ಎರಡು ಪುಟ ಬರೆದಳು. ಅವಳು ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ರಿಜಿಸ್ಟರ್, ಕೊರಳಲ್ಲಿ ಐಡಿ ಕಾರ್ಡ್. ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ನಿಂತಿದ್ದ ಇಬ್ಬರು ಹೆಂಗಸರು ಇವಳನ್ನೇ ನೋಡುತ್ತಿದ್ದರು. ಇವಳು "ಯಾಕೆ ಮಗೂನ ಸ್ಕೂಲಿಗೆ ಕಳಿಸ್ತಿಲ್ಲ?" ಅಂತ ಕೇಳಿದಳು. ಆ ತಾಯಿ "ಕಳಿಸ್ತೀವಿ ಹೋಗಮ್ಮ" ಅಂದು ಒಳಗೆ ಹೋದರು. ಅಷ್ಟೇ ನಡೆದದ್ದು. ಅದರ ಕೆಳಗೆ ಅವಳು ಬರೆದಿದ್ದ ಮಾತು ನನಗೆ ಇವತ್ತಿಗೂ ನೆನಪಿದೆ: "ಆ ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು. ಅವಳ ಸೊಂಟದ ಮೇಲೆ ಒಂದು ಚಿಕ್ಕ ಮಗು ಇತ್ತು. ಅಲ್ಲಿದ್ದಾಗ ಅದು ನನ್ನ ಕಣ್ಣಿಗೆ ಬಿದ್ದಿತ್ತು. ಆದರೆ ಈಗ ಬರೆಯುವಾಗ ನೋಡುತ್ತಿದ್ದೇನೆ." ಇನ್ನೂ ಒಂದು ಮಾತಿತ್ತು. ಅವಳ ಊರಿನಲ್ಲಿ ಸಾಲ ವಸೂಲಿಗೆ ಯಾರಾದರೂ ಬಂದರೆ ಅವಳ ಅಮ್ಮನೂ ಹೀಗೇ "ಕಟ್ತೀವಿ ಹೋಗಪ್ಪ" ಅಂದು ಒಳಗೆ ಹೋಗಿಬಿಡುತ್ತಿದ್ದರಂತೆ.

ಈ ಎರಡು ಪುಟದಲ್ಲಿ ಎಷ್ಟು ಕೆಲಸ ಆಗಿದೆ ನೋಡಿ. "ಅರಿವು ಇಲ್ಲದ ತಾಯಿ" ಮಾಯವಾಗಿ, ನೆರೆಯವರ ಮುಂದೆ ಮುಜುಗರಪಟ್ಟ ಒಬ್ಬ ಹೆಂಗಸು ಕಾಣಿಸಿಕೊಂಡರು. ರಿಜಿಸ್ಟರ್ ಹಿಡಿದ ತಾನು ಆ ಮನೆಯವರಿಗೆ ಹೇಗೆ ಕಂಡಿರಬಹುದು ಅನ್ನುವುದು ವಿದ್ಯಾರ್ಥಿಗೆ ತಿಳಿಯಿತು. ಅದನ್ನು ತಿಳಿಸಿದ್ದು ನಾನಲ್ಲ, ಅವಳ ಅಮ್ಮನ ನೆನಪು. ಕ್ಲಾಸಿನಲ್ಲಿ ನಾವು ಮುನ್ನಿರ್ಣಯ ಮಾಡದೆ ಜನರನ್ನು ಒಪ್ಪಿಕೊಳ್ಳಬೇಕು ಎಂದು ಪಾಠ ಮಾಡುತ್ತೇವೆ. ಎಲ್ಲರೂ ಪರೀಕ್ಷೆಯಲ್ಲಿ ಬರೆಯುತ್ತಾರೆ. ಅದು ಮೈಗೆ ಇಳಿಯಲು ಇಂಥ ಒಂದು ಸಂಜೆ ಬೇಕು.

ಮುಂದಿನ ಸಲ ಅವಳು ಭಾನುವಾರ ಹೋದಳು. ತಾಯಿಗೆ ಗಾರ್ಮೆಂಟ್ಸ್‌ನಲ್ಲಿ ಕೆಲಸ, ಭಾನುವಾರ ರಜೆ. ರಿಜಿಸ್ಟರ್ ಒಯ್ಯಲಿಲ್ಲ. ಅವರು ಅವರೆಕಾಯಿ ಸುಲಿಯುತ್ತಾ ಕೂತಿದ್ದರಂತೆ. ಇವಳೂ ಪಕ್ಕದಲ್ಲಿ ಕೂತು ಸುಲಿದಳು. ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವರೇ ಮಾತು ತೆಗೆದರು. ಚಿಕ್ಕ ಮಗುವಿಗೆ ಒಂದೂವರೆ ವರ್ಷ. ನೋಡಿಕೊಳ್ಳುತ್ತಿದ್ದ ಅಜ್ಜಿ ದಸರಾಕ್ಕೆ ಊರಿಗೆ ಹೋದವರು ಕಾಲು ನೋವು ಅಂತ ಅಲ್ಲೇ ಉಳಿದರು. ಅಂಗನವಾಡಿಯಲ್ಲಿ ದಿನವಿಡೀ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮಕ್ಕಳನ್ನು. ಕೆಲಸ ಬಿಟ್ಟರೆ ಬಾಡಿಗೆ ಕಟ್ಟಲು ಆಗುವುದಿಲ್ಲ. ಹೀಗಾಗಿ ದೊಡ್ಡ ಮಗಳು ಮನೆಯಲ್ಲಿ ಉಳಿದಳು.

ಆ ದಿನದ ವರದಿಯಲ್ಲಿ ವಿದ್ಯಾರ್ಥಿನಿ 1948ರ ಕಾರ್ಖಾನೆ ಕಾಯ್ದೆಯ ಬಗ್ಗೆ ಬರೆದಳು. ಮೂವತ್ತಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡುವ ಕಾರ್ಖಾನೆಯಲ್ಲಿ, ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕು ಅಂತ ಆ ಕಾಯ್ದೆಯ 48ನೇ ಸೆಕ್ಷನ್ ಹೇಳುತ್ತಿತ್ತು. ಅವಳು ಅದನ್ನು ಇಂಟರ್ನಲ್ಸ್‌ನಲ್ಲಿ ಬರೆದು ಮಾರ್ಕ್ಸ್ ತೆಗೆದುಕೊಂಡಿದ್ದಳು. "ಈ ಸೆಕ್ಷನ್‌ಗೂ ಆ ಹುಡುಗಿ ಶಾಲೆ ಬಿಟ್ಟಿದ್ದಕ್ಕೂ ಸಂಬಂಧ ಇದೆ ಅಂತ ನನಗೆ ಇವತ್ತು ಗೊತ್ತಾಯಿತು" ಎಂದು ಬರೆದಿದ್ದಳು. ಆ ಫ್ಯಾಕ್ಟರಿಯಲ್ಲಿ ಕೊಠಡಿ ಇತ್ತು. ಬೆಳಗಿನ ರಶ್ಶಿನಲ್ಲಿ ಎಳೆ ಮಗುವನ್ನು ಎತ್ತಿಕೊಂಡು ಬಸ್ ಹತ್ತುವುದು ಹೇಗೆ ಅನ್ನುವುದೇ ತಾಯಿಯ ಕಷ್ಟ. ಅದಕ್ಕೊಂದು ದಾರಿ ಹುಡುಕಲು ಸಂಸ್ಥೆಯವರು, ನೆರೆಯವರು ಎಲ್ಲರೂ ಸೇರಬೇಕಾಯಿತು. ಹುಡುಗಿ ಸಂಕ್ರಾಂತಿ ಕಳೆದ ಮೇಲೆ ಶಾಲೆಗೆ ಬಂದಳು. ಆಮೇಲೂ ಮಧ್ಯೆ ಮಧ್ಯೆ ತಪ್ಪಿಸುತ್ತಿದ್ದಳು. ನಮ್ಮ ಕೆಲಸದಲ್ಲಿ ಅಷ್ಟಾದರೂ ಆಗುವುದು ದೊಡ್ಡದು.

ಬರೆಯುವುದರಿಂದ ಏನು ಪ್ರಯೋಜನ ಅಂತ ಯಾರಾದರೂ ಕೇಳಿದರೆ ನಾನು ಈ ಕತೆ ಹೇಳುತ್ತೇನೆ. ಓದಿದ್ದು ಒಂದು ಕಡೆ, ಕಂಡದ್ದು ಒಂದು ಕಡೆ, ತನ್ನ ಬದುಕು ಇನ್ನೊಂದು ಕಡೆ ಇರುತ್ತದೆ. ಮೂರೂ ಒಂದೇ ಪುಟದ ಮೇಲೆ ಬಂದಾಗ ಅವುಗಳ ನಡುವಿನ ಸಂಬಂಧ ಕಾಣುತ್ತದೆ. ಸುಮ್ನೆ ಕೂತು ಯೋಚಿಸಿದರೂ ಆಗುತ್ತದಲ್ಲ ಅಂತ ಕೆಲವರು ಹೇಳುತ್ತಾರೆ. ಯೋಚನೆ ಜಾರಿ ಹೋಗುತ್ತದೆ. "ಅವರು ಸಹಕರಿಸಲಿಲ್ಲ" ಅಂತ ಮನಸ್ಸು ಒಂದು ಸಲ ತೀರ್ಮಾನಿಸಿದರೆ ಮತ್ತೆ ಅಲ್ಲಿಗೆ ಹೋಗುವುದಿಲ್ಲ. ಕಾಗದದ ಮೇಲೆ ಇದ್ದರೆ ನಾಳೆ ಓದಬಹುದು. ಬೇರೆಯವರು ಓದಿ ಪ್ರಶ್ನೆ ಕೇಳಬಹುದು.

ಇದರ ಬಗ್ಗೆ ದೊಡ್ಡವರು ಬಹಳ ಹಿಂದೆಯೇ ಯೋಚಿಸಿದ್ದಾರೆ. ಅಮೆರಿಕದ ತತ್ವಜ್ಞಾನಿ ಜಾನ್ ಡ್ಯೂಯಿ 1910ರಲ್ಲಿ ನಾವು ಯೋಚಿಸುವ ರೀತಿಯ ಬಗ್ಗೆ ಒಂದು ಪುಸ್ತಕ ಬರೆದರು, 1933ರಲ್ಲಿ ಅದನ್ನು ತಿದ್ದಿ ಮತ್ತೆ ಪ್ರಕಟಿಸಿದರು. ಎಲ್ಲ ಸಲೀಸಾಗಿ ನಡೆಯುವಾಗ ಯಾರೂ ಆಳವಾಗಿ ಯೋಚಿಸುವುದಿಲ್ಲ, ಎಲ್ಲೋ ಸಿಕ್ಕಿಕೊಂಡಾಗ, ಮುಂದೆ ಯಾವ ದಾರಿ ಅಂತ ತೋಚದಿದ್ದಾಗ ನಿಜವಾದ ಯೋಚನೆ ಶುರುವಾಗುತ್ತದೆ ಅನ್ನುವುದು ಅವರ ಮುಖ್ಯ ಮಾತುಗಳಲ್ಲಿ ಒಂದು. ಈ ಡ್ಯೂಯಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಂಬೇಡ್ಕರ್ ಅವರಿಗೆ ಗುರುಗಳಾಗಿದ್ದರು. ಅಂಬೇಡ್ಕರ್ 1913ರಲ್ಲಿ ಅಲ್ಲಿಗೆ ಓದಲು ಹೋದರು. ಈ ವಿಷಯ ಹೇಳಿದಾಗ ಕ್ಲಾಸಿನಲ್ಲಿ ಹಿಂದಿನ ಬೆಂಚಿನವರೂ ನೆಟ್ಟಗೆ ಕೂರುತ್ತಾರೆ.

ಡ್ಯೂಯಿ ಅವರ ಮಾತಿನಿಂದ ನಾನು ಒಂದು ಕೆಲಸದ ಸೂತ್ರ ಇಟ್ಟುಕೊಂಡಿದ್ದೇನೆ. ಇಡೀ ದಿನ ಬರೆಯಬೇಡಿ, ಸಿಕ್ಕಿಕೊಂಡ ಜಾಗ ಬರೆಯಿರಿ. ಯಾರೋ ಮುಖ ತಿರುಗಿಸಿದ ಕ್ಷಣ, ನಿಮಗೆ ಉತ್ತರ ಹೊಳೆಯದ ಪ್ರಶ್ನೆ, ಸಿಟ್ಟು ಬಂದ ಗಳಿಗೆ, ಅಳು ಬಂದ ಗಳಿಗೆ. ಐದು ನಿಮಿಷದ ಒಂದು ಘಟನೆ ಸಾಕು. ಸಂಜೆವರೆಗಿನ ಪಟ್ಟಿ ಬೇಡ.

ಇನ್ನೊಬ್ಬರು ಅಮೆರಿಕದ ಚಿಂತಕ ಡೊನಾಲ್ಡ್ ಶಾನ್. 1983ರಲ್ಲಿ ಅವರು ಎರಡು ಬಗೆಯ ಯೋಚನೆಯನ್ನು ಬೇರೆ ಮಾಡಿ ತೋರಿಸಿದರು. ಒಂದು, ಕೆಲಸ ಮಾಡುತ್ತಿರುವಾಗಲೇ ಯೋಚಿಸಿ ಅಲ್ಲೇ ದಾರಿ ಬದಲಿಸುವುದು. ಇನ್ನೊಂದು, ಮುಗಿದ ಮೇಲೆ ಹಿಂತಿರುಗಿ ನೋಡುವುದು. ಅನುಭವ ಇರುವ ಸಮಾಜ ಕಾರ್ಯಕರ್ತೆ ಆ ತಾಯಿಯ ಮುಖ ನೋಡಿದ ತಕ್ಷಣ ರಿಜಿಸ್ಟರ್ ಮುಚ್ಚಿ, "ಸ್ವಲ್ಪ ನೀರು ಕೊಡಿ ಅಕ್ಕಾ" ಅಂತ ಮಾತು ಬದಲಿಸುತ್ತಿದ್ದಳು. ಹೊಸಬರಿಗೆ ಅದು ಬರುವುದಿಲ್ಲ. ಬರುವುದು ಹೇಗೆ? ಸಂಜೆ ಕೂತು ಹಿಂತಿರುಗಿ ನೋಡಿ ನೋಡಿ, ಒಂದು ದಿನ ಸ್ಥಳದಲ್ಲೇ ಹೊಳೆಯಲು ಶುರುವಾಗುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಮೊದಲ ಸೆಮಿಸ್ಟರ್‌ನಲ್ಲಿ "ಆಮೇಲೆ ಅನ್ನಿಸಿತು" ಅಂತ ಬರೆಯುವವರು, ಮೂರನೇ ಸೆಮಿಸ್ಟರ್ ಹೊತ್ತಿಗೆ "ಆಗಲೇ ಅನ್ನಿಸಿತು, ಅದಕ್ಕೆ ಹೀಗೆ ಮಾಡಿದೆ" ಅಂತ ಬರೆಯುತ್ತಾರೆ.

ಇಂಗ್ಲೆಂಡಿನ ಶಿಕ್ಷಣತಜ್ಞ ಗ್ರಹಾಂ ಗಿಬ್ಸ್ ಅವರ ಆರು ಹಂತಗಳ ಚಕ್ರ ಬಹಳ ಜನಕ್ಕೆ ಗೊತ್ತು. 1988ರದು. ಏನಾಯಿತು, ಏನನ್ನಿಸಿತು, ಒಳ್ಳೆಯದೇನು ಕೆಟ್ಟದ್ದೇನು, ಯಾಕೆ ಹಾಗಾಯಿತು, ಬೇರೇನು ಮಾಡಬಹುದಿತ್ತು, ಮುಂದೇನು ಮಾಡುತ್ತೇನೆ. ಪ್ರಶ್ನೆಗಳು ಚೆನ್ನಾಗಿವೆ. ಆದರೆ ಅದನ್ನು ರೆಕಾರ್ಡ್ ಪುಸ್ತಕದಲ್ಲಿ ಆರು ಬಾಕ್ಸ್ ಮಾಡಿ ಮುದ್ರಿಸಿ ಕೊಟ್ಟರೆ, ಮಕ್ಕಳು ಅರ್ಜಿ ಫಾರ್ಮ್ ತುಂಬಿದ ಹಾಗೆ ತುಂಬುತ್ತಾರೆ. "ಏನನ್ನಿಸಿತು" ಬಾಕ್ಸ್‌ನಲ್ಲಿ "ಖುಷಿಯಾಯಿತು" ಅಂತ ಒಂದು ಪದ. ಹಾಗಾಗಿ ನಾನು ಮೊದಲು ತಡೆಯಿಲ್ಲದೆ ಬರೆಯಲು ಹೇಳುತ್ತೇನೆ. ಬರೆದ ಮೇಲೆ ಗಿಬ್ಸ್ ಪಟ್ಟಿ ಇಟ್ಟುಕೊಂಡು ಯಾವುದು ಬಿಟ್ಟುಹೋಗಿದೆ ನೋಡಿ ಅನ್ನುತ್ತೇನೆ. ಯಾವಾಗಲೂ ಬಿಟ್ಟುಹೋಗುವುದು ನಾಲ್ಕನೆಯದು. ಯಾಕೆ ಹಾಗಾಯಿತು ಅನ್ನುವುದಕ್ಕೆ ಓದು ಬೇಕಲ್ವಾ, ಅದಕ್ಕೆ. ಆರು ಜಾಸ್ತಿ ಅನ್ನಿಸುವವರಿಗೆ ಮೂರು ಪ್ರಶ್ನೆ ಸಾಕು. ಟೆರ್ರಿ ಬೋರ್ಟನ್ ಎಂಬ ಅಮೆರಿಕದ ಶಿಕ್ಷಕರು 1970ರಲ್ಲಿ ಕೊಟ್ಟದ್ದು: ಏನಾಯಿತು, ಅದಕ್ಕೇನರ್ಥ, ಇನ್ನೇನು ಮಾಡಬೇಕು.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ಮಾತು. ದಯವಿಟ್ಟು ಇದನ್ನು ಕನ್ನಡದಲ್ಲಿ ಬರೆಯಿರಿ.

ತುಮಕೂರು, ಚಿತ್ರದುರ್ಗ, ಕೋಲಾರ, ರಾಯಚೂರಿನಿಂದ ಬೆಂಗಳೂರಿಗೆ ಬರುವ ಮಕ್ಕಳು ಡಿಗ್ರಿವರೆಗೆ ಕನ್ನಡದಲ್ಲೇ ಓದಿರುತ್ತಾರೆ. ಇಲ್ಲಿಗೆ ಬಂದ ತಕ್ಷಣ ಎಲ್ಲವೂ ಇಂಗ್ಲಿಷ್‌ನಲ್ಲಿ ಇರಬೇಕು ಅಂದುಕೊಳ್ಳುತ್ತಾರೆ. ಸೀನಿಯರ್‌ಗಳ ಹಳೆಯ ರೆಕಾರ್ಡ್ ತಂದು, ಅದರಲ್ಲಿನ ವಾಕ್ಯಗಳನ್ನೇ ದಿನಾಂಕ ಬದಲಿಸಿ ಇಳಿಸುತ್ತಾರೆ. ಅವರಿಗೆ ಹೇಳಲು ಏನೂ ಇಲ್ಲ ಅಂತಲ್ಲ. ಹೇಳಬೇಕಾದ್ದು ಇಂಗ್ಲಿಷ್‌ನಲ್ಲಿ ಬರುವುದಿಲ್ಲ. ಕಾರ್ಯಕ್ರಮದ ವರದಿ, ಸಂಶೋಧನೆಯ ಅಧ್ಯಾಯ ಇಂಗ್ಲಿಷ್‌ನಲ್ಲಿ ಬರೆಯುವುದನ್ನು ಕಲಿಯಲಿ, ನಾನೂ ಕಲಿಸುತ್ತೇನೆ. ಕೆಲಸಕ್ಕೆ ಅದು ಬೇಕು. ಆದರೆ ತನ್ನೊಳಗೆ ನೋಡಿಕೊಳ್ಳುವ ಬರವಣಿಗೆಯಲ್ಲಿ ವ್ಯಾಕರಣದ ಭಯ ಇರಬಾರದು. ಮನೆಯಲ್ಲಿ ಮಾತಾಡಿದ್ದು ಕನ್ನಡದಲ್ಲಿ, ನಲ್ಲಿ ಹತ್ತಿರ ಜಗಳ ಕೇಳಿಸಿದ್ದು ಕನ್ನಡದಲ್ಲಿ, ಬಸ್ಸಿನಲ್ಲಿ ಬರುತ್ತಾ ಬೇಜಾರಾಗಿದ್ದು ಕನ್ನಡದಲ್ಲಿ. ರಾಯಚೂರಿನ ಒಬ್ಬ ಹುಡುಗ ಆಸ್ಪತ್ರೆಯ ವಾರ್ಡಿನಲ್ಲಿ ತನ್ನ ಕಡೆಯ ಒಬ್ಬ ಮುದುಕರನ್ನು ಕಂಡ. ಅವರಾಡಿದ ಮಾತನ್ನು ಹಾಗೇ ಬರೆದಿದ್ದ: "ಯಾರೂ ಮಾತಾಡ್ಸವಲ್ರು ತಮ್ಮಾ, ಬರೇ ಚೀಟಿ ಕೊಟ್ಟು ಹೋಗ್ತಾರ." ಇದನ್ನು ಇಂಗ್ಲಿಷ್‌ಗೆ ಹಾಕಿದ್ದರೆ "ರೋಗಿಗೆ ಮಾಹಿತಿಯ ಕೊರತೆ ಇದೆ" ಅಂತ ಆಗುತ್ತಿತ್ತು. ಆ ಮುದುಕರೇ ಮಾಯವಾಗುತ್ತಿದ್ದರು. ಮಾತೃಭಾಷೆ ತೆಲುಗು, ಉರ್ದು, ತಮಿಳು ಆಗಿರುವ ಮಕ್ಕಳಿಗೂ ನಾನು ಇದನ್ನೇ ಹೇಳುತ್ತೇನೆ. ನಿಮ್ಮ ಭಾಷೆಯಲ್ಲಿ ಮೊದಲು ಬರೆಯಿರಿ, ಆಮೇಲೆ ನನಗೆ ಓದಿ ಹೇಳಿ.

ಯಾವಾಗ ಬರೆಯಬೇಕು ಅನ್ನುವುದಕ್ಕೆ ಉತ್ತರ ಸರಳ. ಅದೇ ದಿನ. ಸೆಮಿಸ್ಟರ್ ಕೊನೆಯಲ್ಲಿ ಹಾಸ್ಟೆಲ್ ರೂಮಿನಲ್ಲಿ ರಾತ್ರಿಯಿಡೀ ಕೂತು ನಾಲ್ಕು ತಿಂಗಳ ರೆಕಾರ್ಡ್ ಬರೆಯುವ ಪದ್ಧತಿ ಎಲ್ಲ ಕಾಲೇಜಿನಲ್ಲೂ ಇದೆ. ಅದರಿಂದ ಬೆರಳು ನೋವು ಬಿಟ್ಟು ಬೇರೇನೂ ಸಿಗುವುದಿಲ್ಲ. ಬೆಂಗಳೂರಿನಲ್ಲಿ ಓಡಾಟಕ್ಕೇ ಹೊತ್ತು ಹೋಗುತ್ತದೆ, ಒಪ್ಪುತ್ತೇನೆ. ಪೀಣ್ಯದಿಂದ ಮೆಜೆಸ್ಟಿಕ್, ಮೆಜೆಸ್ಟಿಕ್‌ನಿಂದ ಹಾಸ್ಟೆಲ್, ಸಂಜೆ ಟ್ರಾಫಿಕ್. ಆದರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೆ ನಾಲ್ಕು ಗುರುತು ಹಾಕಿಕೊಳ್ಳಬಹುದು. ನನ್ನ ಒಬ್ಬ ವಿದ್ಯಾರ್ಥಿನಿ ಶಕ್ತಿ ಯೋಜನೆಯ ಪಿಂಕ್ ಟಿಕೆಟ್‌ನ ಹಿಂದೆ ಬರೆದುಕೊಂಡು ಬರುತ್ತಿದ್ದಳು: "ನಲ್ಲಿ. ಇಬ್ಬರು. ಮಗು. ಹೋಗಮ್ಮ." ಈ ಥರದ ನಾಲ್ಕು ಪದ ಇದ್ದರೆ ರಾತ್ರಿ ಊಟಕ್ಕೆ ಮುಂಚೆ ಅರ್ಧ ಗಂಟೆಯಲ್ಲಿ ಎರಡು ಪುಟ ಬರುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವವರೂ ಇದ್ದಾರೆ. ಅದೂ ಸರಿ. ಆದರೆ ಜನರ ಮಾತನ್ನಲ್ಲ, ನಿಮ್ಮ ಮಾತನ್ನು ಮಾತ್ರ.

ಸಮಾಜಕಾರ್ಯ ಓದದವರಿಗೆ ಇದೆಲ್ಲ ಯಾಕೆ ಅನ್ನಿಸಬಹುದು. ವೈದ್ಯಕೀಯ ಓದುವವರಿಗೆ ಇದು ಈಗ ಪಠ್ಯದಲ್ಲೇ ಇದೆ. 2019ರಲ್ಲಿ ಸೇರಿದ ಎಂ.ಬಿ.ಬಿ.ಎಸ್. ಬ್ಯಾಚ್‌ನಿಂದ ಪಠ್ಯಕ್ರಮ ಬದಲಾಗಿ, ನಡತೆ, ನೀತಿ ಮತ್ತು ರೋಗಿಯ ಜೊತೆ ಮಾತನಾಡುವ ರೀತಿಯನ್ನು ಕಲಿಸುವ ಭಾಗ ಸೇರಿತು. ಅದರ ಲಾಗ್‌ಬುಕ್‌ನಲ್ಲಿ ತಮ್ಮ ಅನುಭವ ಬರೆಯಬೇಕು. ಬಿ.ಎಡ್. ಕೋರ್ಸ್ 2014ರ ನಿಯಮದ ನಂತರ ಎರಡು ವರ್ಷದ್ದಾಯಿತು. ಅದರಲ್ಲಿ 20 ವಾರ ಶಾಲೆಯಲ್ಲೇ ಕಳೆಯಬೇಕು. ಪಾಠ ಮುಗಿಸಿ ಬಂದು "ಇವತ್ತು ಯಾವ ಮಗುವಿಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ, ಯಾಕೆ" ಅಂತ ಬರೆಯದ ಶಿಕ್ಷಕರು ಮಾರನೇ ದಿನವೂ ಅದೇ ಪ್ರಶ್ನೆಯನ್ನು ಹಾಗೆಯೇ ಕೇಳುತ್ತಾರೆ.

ಇಂಜಿನಿಯರಿಂಗ್, ಬಿ.ಕಾಂ. ಓದುವವರಿಗೂ ಉಪಯೋಗ ಇದೆ. ನನ್ನ ತಮ್ಮನ ಮಗ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದಾನೆ. ಒಂದು ದಿನ ಪ್ರೋಗ್ರಾಂ ಓಡದೆ ಸಿಟ್ಟು ಮಾಡಿಕೊಂಡು ಕೂತಿದ್ದ. ಎಲ್ಲಿ ತಪ್ಪಾಗಿದೆ ಅಂತ ಆಮೇಲೆ ಹುಡುಕು ಕಂದಾ, ಮೊದಲು ಅದು ಏನು ಮಾಡುತ್ತದೆ ಅಂದುಕೊಂಡಿದ್ದೆ, ಏನು ಮಾಡಿತು ಅಂತ ಎರಡು ಸಾಲು ಬರಿ ಅಂದೆ. ಈಗ ಪ್ರತಿ ಲ್ಯಾಬ್ ನಂತರ ಹಾಗೇ ಬರೆಯುತ್ತಾನೆ. ತಾನು ಪದೇ ಪದೇ ಒಂದೇ ಜಾಗದಲ್ಲಿ ಅವಸರ ಮಾಡುತ್ತೇನೆ ಅಂತ ಅವನೇ ಕಂಡುಕೊಂಡ. ಕ್ಲಾಸ್ ಮುಗಿದ ಮೇಲೆ ಪುಸ್ತಕ ಮುಚ್ಚಿ, ನೆನಪಿರುವುದನ್ನು ಬರೆಯುವುದೂ ಇದೇ ಕುಲದ ಅಭ್ಯಾಸ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಕೆಲವರು ಪಾಠವನ್ನು ಮತ್ತೆ ಮತ್ತೆ ಓದಿದರು. ಕೆಲವರು ಓದಿ, ಮುಚ್ಚಿಟ್ಟು, ನೆನಪಿದ್ದದ್ದನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷೆ ಮಾಡಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ನೋಡಿದರೆ ಬರೆದವರು ಮುಂದಿದ್ದರು. ನಮ್ಮ ಪರೀಕ್ಷೆ ಐದು ನಿಮಿಷಕ್ಕೆ ಇರುವುದಿಲ್ಲವಲ್ಲ.

ಎಚ್ಚರಿಕೆಯ ಮಾತುಗಳೂ ಇವೆ. ಮೊದಲನೆಯದು ಗುಟ್ಟು ಕಾಪಾಡುವುದು. ಬರೆಯುವಾಗ ಜನರ ಹೆಸರು, ಮನೆ ನಂಬರು, ರಸ್ತೆ ಬರೆಯಬೇಡಿ. ಹೆಸರು ಬದಲಿಸಿ. ನೋಟ್‌ಬುಕ್ ಬಸ್ಸಿನಲ್ಲಿ ಮರೆತು ಬಿಟ್ಟರೆ ಒಬ್ಬರ ಕಾಯಿಲೆ, ಒಬ್ಬರ ಮನೆ ಜಗಳ ಊರಿಗೆಲ್ಲ ಗೊತ್ತಾಗುತ್ತದೆ. ಸ್ಟೇಟಸ್‌ನಲ್ಲಿ ಹಾಕುವುದಂತೂ ಬೇಡವೇ ಬೇಡ.

ಎರಡನೆಯದು ಭಾರದ ವಿಷಯ. ಬರೆಯಲು ಕೂತಾಗ ಕೆಲವರಿಗೆ ತಮ್ಮ ಹಳೆಯ ನೋವು ಮೇಲೆ ಬರುತ್ತದೆ. 1986ರಲ್ಲಿ ಪ್ರಕಟವಾದ ಒಂದು ಮನಶ್ಶಾಸ್ತ್ರದ ಪ್ರಯೋಗದಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಕಾಲೇಜು ವಿದ್ಯಾರ್ಥಿಗಳಿಗೆ ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯಲು ಹೇಳಿದರು. ಕೆಲವರು ಬದುಕಿನಲ್ಲಿ ತುಂಬಾ ನೋವು ಕೊಟ್ಟ ಘಟನೆ ಬರೆದರು, ಕೆಲವರು ಸಾಮಾನ್ಯ ಸಂಗತಿ ಬರೆದರು. ನೋವಿನ ಘಟನೆ ಬರೆದವರ ಮನಸ್ಸು ಬರೆದ ಕೂಡಲೇ ಇನ್ನಷ್ಟು ಕುಗ್ಗಿತ್ತು. ಆದರೆ ಮುಂದಿನ ಆರು ತಿಂಗಳಲ್ಲಿ, ನಡೆದದ್ದನ್ನೂ ಅನ್ನಿಸಿದ್ದನ್ನೂ ಜೊತೆಯಾಗಿ ಬರೆದವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಈ ಎರಡನ್ನೂ ನಾವು ಒಟ್ಟಿಗೆ ಹೇಳಬೇಕು. ಬರೆದರೆ ತಕ್ಷಣ ಹಗುರಾಗುತ್ತದೆ ಅಂತ ಭರವಸೆ ಕೊಟ್ಟು, ಆ ರಾತ್ರಿ ನಿದ್ದೆ ಬಾರದೆ ಒದ್ದಾಡುವ ಮಗುವನ್ನು ಒಂಟಿಯಾಗಿ ಬಿಡಬಾರದು. ನನಗೆ ತೋರಿಸಲು ಇಷ್ಟವಿಲ್ಲದ ಪುಟವನ್ನು ಮಡಿಚಿ ಪಿನ್ ಹಾಕಿ ಕೊಡಿ ಅನ್ನುತ್ತೇನೆ. ಪಿನ್ ಹಾಕಿದ್ದನ್ನು ನಾನು ತೆಗೆಯುವುದಿಲ್ಲ. ಒಂದೇ ನೋವನ್ನು ದಿನವೂ ತಿರುಗಿಸಿ ತಿರುಗಿಸಿ ಬರೆಯುತ್ತಿದ್ದರೆ, ಬರವಣಿಗೆ ನಿಲ್ಲಿಸಿ ಯಾರ ಜೊತೆಗಾದರೂ ಮಾತಾಡಬೇಕಾದ ಹೊತ್ತು ಅದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ನಮ್ಮ ನಿಮ್ಹಾನ್ಸ್ ಅದರ ಕೇಂದ್ರ ಸ್ಥಾನದಲ್ಲಿದೆ. ಈ ನಂಬರನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲೇ ಬರೆಸುತ್ತೇನೆ.

ಇನ್ನು ಚಾಟ್‌ಜಿಪಿಟಿ. ಈಗ ಮಕ್ಕಳು ಅದಕ್ಕೆ "ಸ್ಲಂ ಭೇಟಿಯ ರಿಫ್ಲೆಕ್ಷನ್ ಬರೆದು ಕೊಡು" ಅನ್ನುತ್ತಾರೆ. ಬರೆದು ಕೊಡುತ್ತದೆ. ಚೆಂದದ ವಾಕ್ಯಗಳು. ಆದರೆ ಅದು ಆ ಮನೆಯ ಬಾಗಿಲಲ್ಲಿ ನಿಂತಿಲ್ಲ. ನಾನು ಯಾರನ್ನೂ ಗದರಿಸುವುದಿಲ್ಲ. "ಬಾಗಿಲು ತೆರೆದವರು ಯಾರು? ಮೊದಲ ಮಾತು ಏನು?" ಅಂತ ಕೇಳುತ್ತೇನೆ. ನಿಜವಾಗಿ ಹೋಗಿ ಬಂದವರು ಹೇಳಲು ಶುರು ಮಾಡಿದರೆ ನಿಲ್ಲುವುದಿಲ್ಲ. ಹತ್ತು ನಿಮಿಷ ಹೇಳುತ್ತಾರೆ. ಈಗ ಹೇಳಿದ್ದನ್ನೇ ಬರಿ ಅಂತ ಅಲ್ಲೇ ಕೂರಿಸುತ್ತೇನೆ. ತಮ್ಮ ಮಾತು ಇಷ್ಟು ಬೆಲೆಯುಳ್ಳದ್ದು ಅಂತ ಯಾರೂ ಅವರಿಗೆ ಹೇಳಿರುವುದಿಲ್ಲ. ಸಮಸ್ಯೆ ಸೋಮಾರಿತನದ್ದಕ್ಕಿಂತ ಜಾಸ್ತಿ ನಂಬಿಕೆಯದ್ದು.

ಅಂಕದ ಬಗ್ಗೆಯೂ ಹೇಳಬೇಕು, ಮೊದಲ ವಾರದಿಂದ ಕೇಳುತ್ತಿದ್ದೀರಲ್ಲ. ನಿಮಗೆ ಏನು ಅನ್ನಿಸಿತು ಅನ್ನುವುದಕ್ಕೆ ನಾನು ಅಂಕ ಕೊಡುವುದೂ ಇಲ್ಲ, ಕಳೆಯುವುದೂ ಇಲ್ಲ. ಸಿಟ್ಟು ಬಂದರೆ ಸಿಟ್ಟು ಅಂತಲೇ ಬರೆಯಿರಿ. ನಾನು ನೋಡುವುದು ಮೂರು: ಘಟನೆ ಕಣ್ಣಿಗೆ ಕಟ್ಟುತ್ತದಾ, ಓದಿದ ಯಾವುದಾದರೂ ವಿಷಯ ಅಲ್ಲಿ ಕೆಲಸಕ್ಕೆ ಬಂದಿದೆಯಾ, ಮುಂದಿನ ಭೇಟಿಯಲ್ಲಿ ಏನು ಬದಲಿಸುತ್ತೀರಿ. ಮೂರನೆಯದನ್ನು ಮುಂದಿನ ವಾರದ ವರದಿಯಲ್ಲಿ ಹುಡುಕುತ್ತೇನೆ. ಬದಲಿಸುತ್ತೇನೆ ಅಂದು ಬದಲಿಸದಿದ್ದರೆ ಯಾಕೆ ಅಂತ ಕೇಳುತ್ತೇನೆ. ಕೆಲವೊಮ್ಮೆ ಬದಲಿಸಲು ಆಗದಿದ್ದುದೇ ಆ ವಾರದ ಒಳ್ಳೆಯ ಪಾಠ.

ಕೊನೆಯದಾಗಿ ನನ್ನಂಥ ಮೇಷ್ಟ್ರುಗಳಿಗೆ. ಮಕ್ಕಳು ಬರೆದದ್ದನ್ನು ಓದಬೇಕು. ಕೆಂಪು ಇಂಕಿನ ಒಂದು ಟಿಕ್ ಹಾಕಿ ಸಹಿ ಮಾಡಿ ಕೊಟ್ಟರೆ ಮಗು ಮುಂದಿನ ವಾರದಿಂದ ಟಿಕ್‌ಗೆ ಸಾಕಾಗುವಷ್ಟು ಮಾತ್ರ ಬರೆಯುತ್ತದೆ. ನಲವತ್ತು ಜನರ ಬರಹವನ್ನು ವಾರವಾರ ಪೂರ್ತಿ ಓದುವುದು ಕಷ್ಟ ಅಂತ ನನಗೆ ಗೊತ್ತು. ಅದಕ್ಕೆ ಗುಂಪು ಸಭೆಯ ದಿನ ಇಬ್ಬಿಬ್ಬರನ್ನು ಜೊತೆ ಕೂರಿಸುತ್ತೇನೆ. ಒಬ್ಬರು ಒಂದು ಪುಟ ಓದಬೇಕು, ಇನ್ನೊಬ್ಬರು ಸಲಹೆ ಕೊಡದೆ ಒಂದೇ ಒಂದು ಪ್ರಶ್ನೆ ಕೇಳಬೇಕು. ಮೊದಮೊದಲು ನಾಚಿಕೊಳ್ಳುತ್ತಾರೆ. ಕೆಲವು ವಾರ ಕಳೆದ ಮೇಲೆ ಅವರು ಕೇಳುವ ಪ್ರಶ್ನೆಗಳು ನನ್ನವಕ್ಕಿಂತ ಚೆನ್ನಾಗಿರುತ್ತವೆ. ವೃದ್ಧಾಶ್ರಮಕ್ಕೆ ಹೋಗುತ್ತಿದ್ದ ಹುಡುಗನೊಬ್ಬ, ಒಬ್ಬ ಅಜ್ಜಿ ತನ್ನ ಜೊತೆ ಮಾತಾಡುವುದೇ ಇಲ್ಲ, ಹೋದಾಗಲೆಲ್ಲ ಗೋಡೆ ಕಡೆ ತಿರುಗಿ ಮಲಗುತ್ತಾರೆ ಅಂತ ಬರೆದಿದ್ದ. ಪಕ್ಕದಲ್ಲಿ ಕೂತಿದ್ದ ಹುಡುಗಿ ಕೇಳಿದಳು: "ನೀನು ಹೋಗೋದು ಎಷ್ಟು ಗಂಟೆಗೆ?" ಮಧ್ಯಾಹ್ನ ಎರಡಕ್ಕೆ ಅಂದ. ಅದು ಅವರು ಮಲಗುವ ಹೊತ್ತು. ಮುಂದಿನ ವಾರ ಹನ್ನೊಂದಕ್ಕೆ ಹೋದ. ಅಜ್ಜಿ ಹಾಸಿಗೆಯ ಮೇಲೆ ಎದ್ದು ಕೂತು ಎಲೆ ಅಡಿಕೆ ಕೇಳಿದರಂತೆ. ಕೊಡಬಹುದಾ ಕೂಡದಾ ಅಂತ ಅವನು ಆ ವಾರ ಮೂರು ಪುಟ ಬರೆದ.